ಅಳಿಸಬಹುದಾದ ಅಣ್ಣ

ನಮ್ಮಪ್ಪ ಪ್ರಬಂಧಕಾರರು. ಹಾಗಂದರೆ ಏನು ಕೆಲಸ ಎಂದು ಕೇಳಿದವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಕೊಡೆಯ ಬಗ್ಗೆ ಬರೆಯಬೇಕೆಂದರೆ ಮೊದಲು ಮೋಡದ ಬಗ್ಗೆ ಎರಡು ಪುಟ, ಆಮೇಲೆ ತಾತನ ಬೊಕ್ಕತಲೆಯ ಬಗ್ಗೆ ಒಂದು ಪುಟ. ಕೊಡೆ ಬಿಚ್ಚುವ ಹೊತ್ತಿಗೆ ಮಳೆ ನಿಂತಿರುತ್ತದೆ. ಬರೆಯುತ್ತಾರೆ, ಹೊಡೆದುಹಾಕುತ್ತಾರೆ, ಮತ್ತೆ ಬರೆಯುತ್ತಾರೆ, ಅಮ್ಮ ಊಟಕ್ಕೆ ಕರೆದರೆ ಉರಿದುಬೀಳುತ್ತಾರೆ. ಕೊನೆಗೆ ಮಾಸಪತ್ರಿಕೆಯ ಸಂಪಾದಕರು ತಾಳಲಾರದೆ ಕೈಯಿಂದ ಕಿತ್ತುಕೊಂಡು ಅಚ್ಚು ಹಾಕುತ್ತಿದ್ದರು.

ನನ್ನದೂ ಬರವಣಿಗೆಯೇ, ಆದರೆ ಬ್ಲಾಗು. ಸಿಂಕ್ ಕಟ್ಟಿಕೊಂಡರೆ ಏನು ಮಾಡಬೇಕು, ಗೋಡೆಯ ಎಣ್ಣೆ ಕಲೆ ಹೇಗೆ ತೆಗೆಯಬೇಕು, ಇಂಥವು. ವಿಷಯ ಮೊದಲ ಸಾಲಿನಲ್ಲೇ ಇರುತ್ತದೆ, ಕೆಳಗೆ ಸಿಂಕಿನ ಫೋಟೊ. ಆಫೀಸಿನ ಟೀ ವೇಳೆಯಲ್ಲಿ ಬರೆದು, ಲೋಟ ತೊಳೆಯುವ ಮೊದಲೇ ಹಾಕಿಬಿಡುತ್ತೇನೆ. ತಪ್ಪಿದ್ದರೆ ಓದುವವರು ಬಯ್ಯುತ್ತಾರೆ, ತಿದ್ದುತ್ತೇನೆ. ಅಪ್ಪ ಇದಕ್ಕೆ ಗೋಡೆಬರಹ ಎನ್ನುತ್ತಿದ್ದರು.

ದೊಡ್ಡಪ್ಪನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪನ ಈ ಒಬ್ಬನೇ ಅಣ್ಣ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದಾರೆ. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುವ ಇವರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಅಪ್ಪ ಅದನ್ನೇ ಒಂದು ಪ್ರಬಂಧ ಮಾಡಿದರು. ಗಿರಾಕಿಗಳು ಪತ್ರಿಕೆ ಹಿಡಿದುಕೊಂಡೇ ಅಂಗಡಿಗೆ ಬಂದು ನಗತೊಡಗಿದರು. ದೊಡ್ಡಪ್ಪ ಮನೆಗೆ ಬಂದು "ಅದನ್ನ ಅಳಿಸು" ಅಂದರು. "ಅಚ್ಚಾಗಿಹೋಗಿದೆಯಲ್ಲ ಅಣ್ಣ, ಈಗ ಅಳಿಸೋಕಾಗುತ್ತಾ?" ಅಂದರು ಅಪ್ಪ, ಮುಖದಲ್ಲಿ ಹೆಮ್ಮೆ ಬೇರೆ. ಅವತ್ತಿನಿಂದ ಮಾತಿಲ್ಲ ಕತೆಯಿಲ್ಲ. ಅಪ್ಪನಿಗೆ ಹೊರಗೆ ಬಿಗುಮಾನ, ಒಳಗೆ ಕೊರಗು. ಕೈಗಡಿಯಾರ ನಿಂತು ವರ್ಷಗಳಾದರೂ ಬೇರೆ ಅಂಗಡಿಗೆ ಕೊಟ್ಟವರಲ್ಲ, ನಿಂತದ್ದನ್ನೇ ಕಟ್ಟಿಕೊಂಡು ಓಡಾಡುತ್ತಾರೆ.

ಹೀಗಿರುವಾಗ ಪತ್ರಿಕೆ ಮುಚ್ಚಿತು. ಅಪ್ಪನ ಸಪ್ಪೆ ಮುಖ ನೋಡಲಾರದೆ ನಾನೇ ಒಂದು ಬ್ಲಾಗು ತೆರೆದುಕೊಟ್ಟೆ. ಮೊದಲ ಪ್ರಬಂಧ 'ಕತ್ತರಿ'. ಅದರ ನಡುವೆ ಒಂದು ಸಾಲು: 'ನನ್ನ ತಲೆಗೂದಲನ್ನು ಇಲಿ ತಿಂದಂತೆ ಕತ್ತರಿಸಿದ ಅಣ್ಣ, ಮರುದಿನ ತನ್ನ ಕೂದಲನ್ನೂ ಹಾಗೆಯೇ ಕತ್ತರಿಸಿಕೊಂಡು ನನ್ನ ಜೊತೆ ಶಾಲೆಗೆ ಬಂದ.' ಅದನ್ನು ಎರಡೆರಡು ಸಲ ಓದಿದೆ. ದೊಡ್ಡಪ್ಪನಿಗೆ ತೋರಿಸಿ ಅಂತ ದೊಡ್ಡಮ್ಮನ ಫೋನಿಗೆ ಕಳಿಸಿದೆ.

ಮರುದಿನ ಪ್ರಬಂಧದ ಕೆಳಗೆ ದೊಡ್ಡಪ್ಪನ ಒಂದೇ ಮಾತು: 'ಓದಿದೆ.' ಅಪ್ಪ ಅದನ್ನು ಮಹಾಕಾವ್ಯದ ಹಾಗೆ ದಿನವಿಡೀ ಓದಿದರು. "ಕೋಪ ಇದ್ದಿದ್ರೆ ಪೂರ್ಣವಿರಾಮ ಹಾಕ್ತಿರಲಿಲ್ಲ ಕಣೇ" ಎಂದು ಅಮ್ಮನಿಗೆ ಅರ್ಥ ಬಿಡಿಸಿ ಹೇಳಿದರು.

ಅಲ್ಲಿಗೆ ಸುಮ್ಮನಿರಬಾರದಾ? ಅವರಿಗೆ ಬ್ಲಾಗಿನಲ್ಲಿ 'ತಿದ್ದು' ಎಂಬ ಗುಂಡಿ ಕಂಡಿತು. ಕಿತ್ತುಕೊಳ್ಳಲು ಸಂಪಾದಕರಿಲ್ಲ, ಹೆದರಿಸಲು ಅಚ್ಚಿನ ಮೊಳೆಯಿಲ್ಲ. ಹಲ್ಲುಜ್ಜುವ ಮೊದಲು ತಿದ್ದಿದರು, ಊಟದ ಕೈ ಒರೆಸಿಕೊಂಡು ತಿದ್ದಿದರು. ಮೇಲಿನ ಪ್ರಬಂಧ ಬದಲಾಗುತ್ತ ಹೋಯಿತು, ಕೆಳಗಿನ ಪ್ರತಿಕ್ರಿಯೆಗಳು ಹಾಗೇ ಉಳಿದವು. 'ಕ್ಷೌರದ ಅಂಗಡಿಗೆ ನುಗ್ಗಿದ ಮೇಕೆಯನ್ನು ನೆನೆದು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು' ಎಂದು ಒಬ್ಬ ಬರೆದಿದ್ದ. ಮೇಕೆ ಆಗಲೇ ಮಾಯ. 'ಎಲ್ಲಿದೆ ಮೇಕೆ, ತಲೆ ನೆಟ್ಟಗಿದೆಯಾ?' ಎಂದು ಇನ್ನೊಬ್ಬ. ಇಲ್ಲದ ಮೇಕೆಗಾಗಿ ಇಬ್ಬರೂ ಜಗಳಕ್ಕೆ ನಿಂತರು. ನನಗಂತೂ ಒಳ್ಳೆ ಮಜಾ.

ಭಾನುವಾರ ಬೆಳಗ್ಗೆ ಬಾಗಿಲು ದಬದಬ ಬಡಿದ ಸದ್ದಾಯಿತು. ನೋಡಿದರೆ ದೊಡ್ಡಪ್ಪ, ಕೈಯಲ್ಲಿ ದೊಡ್ಡಮ್ಮನ ಫೋನು. ಅಪ್ಪ ದಡಕ್ಕನೆ ಎದ್ದು, ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಗಳನ್ನು ಎದೆಗವಚಿಕೊಂಡು ನಿಂತರು.

"ನಾನೆಲ್ಲಿ?" ಅಂದರು ದೊಡ್ಡಪ್ಪ.

"ಅಂದ್ರೆ?"

"ನನ್ನ ತಮ್ಮ ನನ್ನ ಬಗ್ಗೆ ಏನು ಬರೆದಿದಾನೆ ನೋಡಿ ಅಂತ ಗಿರಾಕಿಗೆ ತೋರಿಸೋಕೆ ತೆಗೀತೀನಿ. ಕತ್ತರಿ ಇದೆ, ನಾನೇ ಇಲ್ಲ. ಅವನು ನನ್ನ ಮುಖ ನೋಡ್ತಾನೆ."

ಅಪ್ಪ ಬಟ್ಟೆಗಳನ್ನು ಇನ್ನಷ್ಟು ಅವಚಿಕೊಂಡರು. "ಆ ಸಾಲು ಸ್ವಲ್ಪ ಭಾವುಕ ಆಯ್ತು ಅನ್ನಿಸ್ತು ಅಣ್ಣ. ಪ್ರಬಂಧದಲ್ಲಿ ಸಂಯಮ ಇರಬೇಕು. ಅದಕ್ಕೇ ತೆಗೆದೆ."

"ನಿನ್ನ ಸಂಯಮಕ್ಕಿಷ್ಟು ಬೆಂಕಿ ಹಾಕ. ಆವತ್ತು ಅಳಿಸು ಅಂತ ಬೇಡಿಕೊಂಡೆ, ಆಗಲ್ಲ ಅಂದೆ. ಈಗ ಯಾರೂ ಕೇಳದೇನೇ ಅಳಿಸಿದೀಯ. ನನ್ನನ್ನ ನೋಡಿ ಜನ ನಗೋದಾದ್ರೆ ಅಚ್ಚು, ಒಳ್ಳೇದಾದ್ರೆ ಇದು." ದೊಡ್ಡಪ್ಪ ಫೋನನ್ನು ಅಪ್ಪನ ಮೂಗಿನ ಹತ್ತಿರ ಚಾಚಿದರು.

ನನ್ನ ನಗು ಎಲ್ಲಿ ಹೋಯಿತೋ. ಅಪ್ಪ ಬಟ್ಟೆ ಕೆಳಗಿಟ್ಟು ಕಂಪ್ಯೂಟರ್ ಮುಂದೆ ಕೂತರು. ಆ ಸಾಲನ್ನು ಬೇರೆಲ್ಲೂ ಉಳಿಸಿಕೊಂಡಿರಲಿಲ್ಲ, ಹೇಗಿತ್ತೆಂಬ ನೆನಪೂ ಇಲ್ಲ. 'ಬಾಲ್ಯವೆಂಬುದು' ಎಂದು ಹೊಸದಾಗಿ ಶುರುಮಾಡಿದರು.

"ಅದಲ್ಲ," ಅಂದರು ಬೆನ್ನ ಹಿಂದೆ ನಿಂತಿದ್ದ ದೊಡ್ಡಪ್ಪ. ಆಮೇಲೆ ಕಣ್ಣು ಮುಚ್ಚಿಕೊಂಡು, ಮಗ್ಗಿ ಒಪ್ಪಿಸುವವರ ಹಾಗೆ, ಇಡೀ ಸಾಲನ್ನು ಒಂದಕ್ಷರ ತಪ್ಪದೆ ಹೇಳಿದರು. 'ನನ್ನ ಜೊತೆ' ಎನ್ನುವಲ್ಲಿ ಮಾತ್ರ ಧ್ವನಿ ಕೈಕೊಟ್ಟಿತು.

ಅಪ್ಪ ಹೇಳಿದ್ದನ್ನು ಹೇಳಿದಂತೆ ಟೈಪ್ ಮಾಡಿದರು, ಬದುಕಿನಲ್ಲಿ ಮೊದಲ ಸಲ ಒಂದು ಅಲ್ಪವಿರಾಮವನ್ನೂ ಮುಟ್ಟದೆ. ಕಣ್ಣು ತುಂಬಿ ಪರದೆಯೇ ಕಾಣುತ್ತಿರಲಿಲ್ಲ, ಅದು ಬೇರೆ ಮಾತು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಮಗಳೇ, ಇದರ ಪಾಸ್‌ವರ್ಡ್ ಬದಲಾಯಿಸು. ಇವನಿಗೆ ಹೇಳಬೇಡ."

ಅಪ್ಪ ಅಣ್ಣನ ಕೈ ಹಿಡಿದುಕೊಂಡರು. "ಬೇಗ ಬದಲಾಯಿಸಮ್ಮ," ಅಂದರು. "ನನ್ನ ಮೇಲೆ ನನಗೇ ನಂಬಿಕೆ ಇಲ್ಲ."