ಗಿಡುಗದ ಎದುರು ಗಿಣಿ

ತಾನಾಗಿ ಉದುರಿದ ಗರಿಯನ್ನಲ್ಲದೆ ಕಿತ್ತ ಗರಿಯನ್ನು ನಾನು ಮುಟ್ಟುವವಳಲ್ಲ. ಉದುರಿದ್ದರ ಬುಡ ಒಣಗಿ ಬೆಳ್ಳಗಿರುತ್ತದೆ, ಕಿತ್ತದ್ದಕ್ಕೆ ರಕ್ತ ಅಂಟಿರುತ್ತದೆ. ಹಕ್ಕಿಗಳ ಆಸ್ಪತ್ರೆಯಲ್ಲಿ ಗೂಡು ತೊಳೆಯುವ ನನ್ನ ಗಂಡ ಉದುರಿದ ಗರಿಗಳನ್ನು ಚೀಲದಲ್ಲಿ ತರುತ್ತಾರೆ. ನಾನು ತೊಳೆದು, ಒಣಗಿಸಿ, ಹಲಗೆಗೆ ಅಂಟಿಸಿ ಚಿತ್ರ ಮಾಡುತ್ತೇನೆ. "ನಮ್ಮ ಸೊಸೆ ಕಸದಿಂದ ರಸ ತೆಗೀತಾಳೆ" ಎಂದು ಅತ್ತೆ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು.

ಈ ಸಲ ಮಾಡಿದ್ದು ರೆಕ್ಕೆ ಬಿಚ್ಚಿ ಎರಗುವ ಗಿಡುಗ. ನಾನೇ ಬೀಗಿಹೋಗಿ ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿದೆ. ಎದುರು ಕಿಟಕಿಯ ಬಳಿ ಅತ್ತೆಯ ಗಿಣಿಯ ಪಂಜರವಿತ್ತು.

ಮಾವ ತೀರಿಕೊಂಡ ಮೇಲೂ ಆ ಗಿಣಿ ದಿನಾ ಬೆಳಿಗ್ಗೆ ಅವರದೇ ದನಿಯಲ್ಲಿ, "ಇವಳೇ, ನನ್ನ ಕನ್ನಡಕ ಎಲ್ಲಿ?" ಎನ್ನುತ್ತಿತ್ತು. "ನಿಮ್ಮ ಮೂಗಿನ ಮೇಲೇ ಇದೆಯಲ್ರೀ" ಎಂದು ಉತ್ತರ ಕೊಟ್ಟ ಮೇಲೇ ಅತ್ತೆ ಒಲೆ ಹಚ್ಚುತ್ತಿದ್ದುದು. ಆ ಮಾತೊಂದೇ ಅವರ ಜೀವ ಹಿಡಿದಿಟ್ಟಿದೆ ಎಂದು ನನಗೂ ನನ್ನ ಗಂಡನಿಗೂ ಗೊತ್ತಿತ್ತು.

ಗಿಡುಗ ಗೋಡೆ ಹತ್ತಿದ ಕೆಲವೇ ದಿನಗಳಲ್ಲಿ ಗಿಣಿಯ ಮಾತು ನಿಂತಿತು. ಪಂಜರದ ತಳದಲ್ಲಿ ಹಸಿರು ಗರಿಗಳು ಬೀಳತೊಡಗಿದವು. ಸುಳ್ಳೇಕೆ, ಹೊಸ ಚಿತ್ರಕ್ಕೆ ಹಸಿರು ಗರಿ ಸಿಕ್ಕಿತೆಂದು ಮೊದಲು ನನಗೆ ಖುಷಿಯೇ ಆಯಿತು. ಒಂದನ್ನೆತ್ತಿ ಬುಡ ನೋಡಿದೆ. ಹಸಿ ರಕ್ತ.

ಗಂಡ ಹೊತ್ತು ಮೂಡುವ ಮುನ್ನ ಕೆಲಸಕ್ಕೆ ಹೋಗುವವರು. ಪಂಜರದ ಬಾಗಿಲು ತೆಗೆಯುವುದು ಅತ್ತೆ ಒಬ್ಬರೇ. ಈಚೆಗೆ ಅವರು ಹಾಲಿಗೆ ಉಪ್ಪು ಹಾಕಿದ್ದರು, ಗ್ಯಾಸ್ ಆರಿಸಲು ಮರೆತಿದ್ದರು. ಮರೆವು ಆ ಕೈಯಿಂದ ಇನ್ನೇನು ಮಾಡಿಸೀತೋ ಎಂದು ನನಗೆ ದಿಗಿಲು ಹತ್ತಿತು. ಅವರ ಉಗುರುಗಳನ್ನು ಕದ್ದು ನೋಡುತ್ತಿದ್ದೆ. ಅವರು ತರಕಾರಿ ಹೆಚ್ಚಲು ಚಾಕು ಹಿಡಿದರೂ ನಾನೇ ಹೆಚ್ಚುತ್ತೇನೆಂದು ಅದನ್ನು ಇಸಿದುಕೊಳ್ಳುತ್ತಿದ್ದೆ. ದಿನವೂ ಪಂಜರದ ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ.

"ಅತ್ತೆ, ನೀವೇ ಕಿತ್ರಾ?"

"ನಾನಲ್ಲಮ್ಮ."

ಕೇಳಿ ಕೇಳಿ ನನ್ನ ದನಿ ಏರಿತು, ಅವರದು ಇಳಿಯಿತು. ಕೊನೆಗೊಂದು ದಿನ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತ, "ನಾನೇ ಇರ್ಬೇಕಮ್ಮ, ನೆನಪಿಗೆ ಬರ್ತಿಲ್ಲ" ಎಂದರು. ಆಗ ನನ್ನ ಹೆದರಿಕೆ ದುಪ್ಪಟ್ಟಾಯಿತು.

ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದರು. ಗಾಳಿಗೆ ಕಿಟಕಿ ತೆರೆದುಕೊಂಡು ಗೋಡೆಯ ಮೇಲಿನ ಹಲಗೆ ಅಲುಗಿತು, ಗಿಡುಗದ ರೆಕ್ಕೆಯ ಗರಿಗಳೆಲ್ಲ ಎದ್ದುನಿಂತವು. ಪಂಜರದಲ್ಲಿ ಕಿರುಚಾಟ. ಗಿಣಿ ಮೂಲೆಗೆ ಮೈಯೊತ್ತಿಕೊಂಡು, ಕಣ್ಣು ಗೋಡೆಯ ಮೇಲೇ ನೆಟ್ಟು, ತನ್ನ ಎದೆಯ ಗರಿಯನ್ನು ತಾನೇ ಕೊಕ್ಕಿನಿಂದ ಜಗ್ಗಿ ಕೀಳುತ್ತಿತ್ತು.

ಗಿಡುಗವನ್ನು ಇಳಿಸಿ, ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆ. ಅತ್ತೆ ಎದ್ದ ಕೂಡಲೇ ಅವರ ಕೈ ಹಿಡಿದು ಎಲ್ಲ ಹೇಳಿ ಅತ್ತುಬಿಟ್ಟೆ.

"ಹೋಗ್ಲಿ ಬಿಡು, ಗಿಣಿ ಉಳೀತಲ್ಲ" ಎಂದರು.

ಗಿಣಿಯ ಎದೆ ಮೆಲ್ಲಗೆ ಹಸಿರಾಯಿತು. ಬೆಳಿಗ್ಗೆ ಅತ್ತೆ ಒಲೆ ಹಚ್ಚದೆ ಪಂಜರದ ಮುಂದೆ ಕಾಯುವರು. ಮಾವನ ದನಿ ಮತ್ತೆ ಬರಲೆಂದು ನಾನೂ ಕಾಯುವೆ. ಇಂದು ಗಿಣಿ ಕತ್ತು ಓರೆ ಮಾಡಿ ಬಾಯಿ ತೆರೆಯಿತು. ಬಂದದ್ದು ನನ್ನ ದನಿ.

"ಅತ್ತೆ, ನೀವೇ ಕಿತ್ರಾ?"

ಅತ್ತೆ ಪಂಜರದತ್ತ ನೋಡಿದರು.

"ನಾನೇ ಇರ್ಬೇಕಮ್ಮ" ಎಂದು ಉತ್ತರ ಕೊಟ್ಟು, ಒಲೆ ಹಚ್ಚಲು ಹೋದರು.