ಅಕ್ಕ ಬಿಟ್ಟ ಕೆಲಸ

ಪೆನ್ನಿನ ಮುಚ್ಚಳವನ್ನು ಯಾರೋ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದಾರೆ, ಡಾಕ್ಟರಮ್ಮನೇ ಇರಬೇಕು, ಇಲ್ಲಿ ಸಹಿ ಹಾಕಮ್ಮ ಅಂತ ಬೆರಳಿಟ್ಟು ತೋರಿಸುತ್ತಿರುವ ಇವರೇ, ವಿಚಾರಣೆಗೆ ಕೂತ ಮೂವರಲ್ಲಿ ಇವರೊಬ್ಬರೇ ಹೆಂಗಸು, ನನ್ನ ಪರ ಇರುತ್ತಾರೆ ಅಂದುಕೊಂಡಿದ್ದೆ, ಎಂಥ ಪೆದ್ದಿ ನಾನು — ಕಾಗದದಲ್ಲಿ ಎರಡೇ ಸಾಲು, ತಪ್ಪು ತಿಳಿವಳಿಕೆಯಿಂದ ಮೇಲ್ವಿಚಾರಕರ ಮೇಲೆ ದೂರು ಕೊಟ್ಟಿರುತ್ತೇನೆ, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ತಪ್ಪು ತಿಳಿವಳಿಕೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರಕ್ಕೆ ಒದ್ದೆ ಬೆಡ್‌ಶೀಟು ಕೊಡುವಾಗ ಎರಡು ಕೈಯನ್ನೂ ಬಿಡುವ ಹಾಗಿಲ್ಲ, ಬಿಟ್ಟರೆ ಶೀಟು ಮುದುರಿ ಒಳಗೆ ಸಿಕ್ಕಿಕೊಳ್ಳುತ್ತದೆ, ಅದು ಆ ಮೇಲ್ವಿಚಾರಕನಿಗೂ ಗೊತ್ತು, ಆಗಲೇ ಹಿಂದಿನಿಂದ ಬರುತ್ತಾನೆ, ಕೆಲಸ ಕಲಿಸುವವನ ಹಾಗೆ ಸೊಂಟಕ್ಕೆ ಕೈ ಹಾಕಿ, ಹಂಗಲ್ಲ, ನೆಟ್ಟಗೆ ನಿಂತ್ಕೊ, ಅಂತ ಕಿವಿಗೆ ಬಾಯಿ ಹಚ್ಚಿ — ಮೂರು ತಿಂಗಳು ನಾನು ತಿಳಿದುಕೊಂಡದ್ದೆಲ್ಲ ತಪ್ಪಂತೆ. ಮತ್ಯಾಕೆ ಕೂಗ್ಲಿಲ್ಲ ನೀವು, ಅಂದರು ಮ್ಯಾನೇಜರು, ಸಾರ್, ಅಲ್ಲಿ ಯಂತ್ರದ ಸದ್ದಿಗೆ ನನ್ ಕೆಮ್ಮೇ ನಂಗೆ ಕೇಳ್ಸಲ್ಲ, ಅಂದೆ, ನಕ್ಕರು, ಡಾಕ್ಟರಮ್ಮನೂ ನಕ್ಕರು. ಒಂದು ಸಲ ಕೂಗಿದ್ದೆನಲ್ಲ, ಯಂತ್ರದ ಆ ತುದಿಯಲ್ಲಿ ಶೀಟು ಮಡಚುವ ದಪ್ಪಕ್ಕನಿಗೆ ಕೇಳಿಸಿತ್ತಲ್ಲ, ತಲೆ ಎತ್ತಿ ನೋಡಿದಳು, ಅವನ ಕೈಯನ್ನೂ ನೋಡಿದಳು, ನಾನಿದೀನಿ ಕಣೇ, ಹೇಳ್ತೀನಿ ಬಿಡು, ಅಂತ ಊಟದ ಹೊತ್ತಿಗೆ ಬೆನ್ನು ಸವರಿದಳು, ಈಗ ಅರ್ಧ ಗಂಟೆ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ನಂಗೇನೂ ಕಾಣ್ಲಿಲ್ಲ ಸಾರ್, ಹಬೆ ಇರತ್ತೆ ನೋಡಿ ಅಲ್ಲಿ. ಹಬೆಯಂತೆ. ಅವಳ ಮಗಳಿಗೂ ಅಲ್ಲೇ ಕೆಲಸ ಕೊಡಿಸುತ್ತಾನಂತೆ ಅವನು, ಕೊಡಿಸಲಿ, ಆ ಹುಡುಗಿಯೂ ಎರಡು ಕೈಯಲ್ಲಿ ಶೀಟು ಹಿಡಿದು ನಿಲ್ಲಲಿ — ಥೂ, ಏನು ಯೋಚನೆ ಇದು, ಆ ಮಗು ನನಗೇನು ಮಾಡಿತ್ತು.

ಮನೆಯಲ್ಲಿ ನಮ್ಮ ಯಜಮಾನರು, ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ, ನಾಲ್ಕು ಜನಕ್ಕೆ ಗೊತ್ತಾದ್ರೆ ನನ್ ಮುಖ ಎಲ್ಲಿಟ್ಕೊಳ್ಲಿ, ಅಂದರು, ನನ್ನ ಸೊಂಟ ಎಲ್ಲಿಟ್ಟುಕೊಳ್ಳಲಿ ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ, ನಮ್ಮ ಮನೆಯ ಹೆಣ್ಣುಗಳಿಗೆ ಕೇಳಿ ಗೊತ್ತಿಲ್ಲ, ಅಕ್ಕನೂ ಏನೂ ಹೇಳದೆ ಕೆಲಸ ಬಿಟ್ಟಳು. ಆರು ವರ್ಷದ ಹಿಂದೆ ಇದೇ ಯಂತ್ರಕ್ಕೆ ಅವಳು ಹನ್ನೊಂದು ದಿನ ಶೀಟು ಕೊಟ್ಟಳು, ಹನ್ನೆರಡನೇ ದಿನ, ನಾ ಹೋಗಲ್ಲ, ಅಂತ ಗೋಡೆಗೆ ಮುಖ ಮಾಡಿ ಮಲಗಿದಳು, ಅಮ್ಮ ಬೈದಳು, ಅಮ್ಮನಿಗಿಂತ ಜೋರಾಗಿ ನಾನು ಬೈದೆ, ಮೈಗಳ್ಳಿ, ಕೆಲ್ಸಕ್ಕೆ ಮೈ ಬಗ್ಗಲ್ಲ ನಿಂಗೆ, ಆಮೇಲೆ ಸಿಕ್ಕ ಮೊದಲ ಗಂಡಿಗೆ ಅವಳನ್ನು ಕಟ್ಟಿ ದೂರ ಕಳಿಸಿದರು, ಈ ವರ್ಷ ನಾನು ಅವಳು ಬಿಟ್ಟಲ್ಲೇ ಸೇರಿ ತೋರಿಸಿದೆ, ನೋಡು ಹೇಗೆ ದುಡಿಯಬೇಕು ಅಂತ. ಹೋದ ವಾರ ಫೋನ್ ಮಾಡಿ, ಅಕ್ಕಾ, ನೀನು ಕೆಲ್ಸ ಬಿಟ್ಟಿದ್ದು ಅವನಿಂದಾನಾ, ಅಂದೆ, ಆ ಕಡೆ ನಲ್ಲಿ ನೀರು ಬೀಳುತ್ತಲೇ ಇತ್ತು, ಯಾರೋ ನಿಲ್ಲಿಸಿದರು, ಆಮೇಲೆ ಅಕ್ಕ, ನಿಂಗೂನಾ, ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಫೋನ್ ಇಡುವ ಮೊದಲು, ನನ್ನನ್ನೂ ಸೇರ್ಸಿ ಬರಿಯೇ, ಅಂದಳು.

ಬರೆಯುತ್ತಿದ್ದೇನೆ, ಸಹಿಯ ಜಾಗದಲ್ಲೇ, ನಡೆದದ್ದು ನಿಜ, ನನಗೂ ನನ್ನ ಅಕ್ಕನಿಗೂ, ಅವಳ ಹೆಸರು, ಅದರ ಕೆಳಗೆ ನನ್ನ ಹೆಸರು. ಅಯ್ಯೋ, ಕಾಗದ ಹಾಳು ಮಾಡ್ಬಿಟ್ರಲ್ಲಮ್ಮ, ಮತ್ತೆ ಟೈಪ್ ಮಾಡಿಸ್ಬೇಕು, ಅನ್ನುತ್ತಾರೆ ಡಾಕ್ಟರಮ್ಮ, ಅವರಿಗೆ ಹಾಳಾಗಿ ಕಂಡದ್ದು ಕಾಗದ. ಮ್ಯಾನೇಜರು ಫೈಲು ಮುಚ್ಚುತ್ತ, ಪುರಾವೆ ಇಲ್ಲ ಅಂತ ಮುಗಿಸ್ತೀವಿ, ನಾಳೆಯಿಂದ ನೀವು ಹೊಲಿಗೆ ಕೋಣೆಗೆ ಹೋಗಿ, ಮೇಲ್ವಿಚಾರಕರು ಈಗಿರೋ ಜಾಗದಲ್ಲೇ ಇರ್ತಾರೆ. ಅಲ್ಲೇ ಇರುತ್ತಾನೆ. ಬಾಗಿಲು ದಾಟಿದೆ, ಕಾಲು ಹೋಗುತ್ತಿದೆ, ಕಾರಿಡಾರು, ಮೆಟ್ಟಿಲು, ಅಕ್ಕ ಆ ಹನ್ನೊಂದನೇ ದಿನ ಸಂಜೆ ಹಿತ್ತಲಿನ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೀಲಿ ಸಮವಸ್ತ್ರದ ಸೊಂಟದ ಭಾಗವನ್ನಷ್ಟೇ ಉಜ್ಜುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು, ಅಲ್ಲೇನೂ ಕಲೆ ಇಲ್ವಲ್ಲೇ, ಅಂದಿದ್ದೆ, ಅವಳ ಬ್ರಷ್ಷು ಹೋಗುತ್ತದೆ ಬರುತ್ತದೆ, ಮತ್ತೊಂದು ಮೆಟ್ಟಿಲು, ಕಲೆ ಇಲ್ವಲ್ಲೇ ಅಕ್ಕಾ, ಉಜ್ಜುತ್ತಿದ್ದಾಳೆ, ಬಟ್ಟೆ ಬೆಳ್ಳಗಾಗಿ ದಾರ ಎದ್ದಿದೆ, ಕಲೆಯೇ ಇಲ್ಲದ ಕಡೆ ಉಜ್ಜುತ್ತಲೇ ಇದ್ದಾಳೆ —