ಮೂಲೆಯ ಬುಟ್ಟಿಗೊಂದು ಹಿಡಿ

ಸೀಗಡಿ ಬಿಡಿಸುವ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ. ಶುರುವಿನಲ್ಲಿ ಸ್ವಲ್ಪ ದಿನ ಬೇಕು, ಆಮೇಲೆ ಕೈಗೇ ಎಲ್ಲ ತಿಳಿದುಬಿಡುತ್ತದೆ. ಎಡಗೈ ತಲೆ ಮುರಿಯುತ್ತದೆ, ಬಲಗೈಯ ಹೆಬ್ಬೆರಳು ಕಾಲುಗಳ ನಡುವೆ ನುಗ್ಗಿ ಚಿಪ್ಪು ಸುಲಿಯುತ್ತದೆ, ಬೆನ್ನ ಮೇಲಿನ ಕರಿಯ ನರ ಒಂದೇ ಎಳೆತಕ್ಕೆ ಬರುತ್ತದೆ. ಬಾಯಿ ಮನೆಯ ಸುದ್ದಿ ಆಡುತ್ತಿರುತ್ತದೆ, ಕೈ ತನ್ನ ಪಾಡಿಗೆ ತಾನು ಬುಟ್ಟಿ ತುಂಬುತ್ತಿರುತ್ತದೆ.

ಆ ಶೆಡ್ಡಿನ ಉದ್ದನೆಯ ಉಕ್ಕಿನ ಮೇಜಿನ ಸುತ್ತ ನಿಂತ ಹೆಂಗಸರೆಲ್ಲ ಬೇರೆ ದೇಶದಿಂದ ಹಂಗಾಮಿ ಪರವಾನಗಿಯ ಮೇಲೆ ಬಂದವರು. ಪರವಾನಗಿಯಲ್ಲಿ ಈ ಒಂದು ಶೆಡ್ಡಿನ ಹೆಸರು ಮಾತ್ರ ಇತ್ತು. ಇದರ ಬಾಗಿಲು ದಾಟಿ ಇನ್ನೊಂದು ಬಾಗಿಲಲ್ಲಿ ಕೆಲಸ ಕೇಳುವ ಹಾಗಿರಲಿಲ್ಲ. ಬಿಳಿ ಹಂಚಿನ ಗೋಡೆ, ಮೊಣಕೈವರೆಗೆ ಐಸಿನ ನೀರು, ಕಾಲ ಕೆಳಗೆ ಚಿಪ್ಪು ಹರಿಯುವ ಕಾಲುವೆ, ಬಾಗಿಲಿಗೆ ಜೋತುಬಿದ್ದ ದಪ್ಪ ಪ್ಲಾಸ್ಟಿಕ್ ಪಟ್ಟಿಗಳು. ಹಂಗಾಮು ಮುಗಿದರೆ ಮನೆಗೆ, ಮತ್ತೆ ಶುರುವಾದರೆ ಇಲ್ಲಿಗೆ. ಹೀಗೇ ನಡೆದಿತ್ತು.

ಆ ಮೇಜಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ಇದ್ದರು. ಇಡೀ ಮೇಜೇ ಅವರನ್ನು ಅತ್ತೆ, ಸೊಸೆ ಎಂದೇ ಕರೆಯುತ್ತಿತ್ತು. ಸೊಸೆಯಷ್ಟು ಚುರುಕಿನ ಕೈ ಆ ಶೆಡ್ಡಿನಲ್ಲಿ ಇನ್ನೊಂದಿರಲಿಲ್ಲ. ಅತ್ತೆಯ ಬೆರಳ ಗೆಣ್ಣುಗಳು ಮೊದಲ ಹಂಗಾಮಿನ ಐಸಿಗೇ ಊದಿಕೊಂಡು ಹಸಿ ಶುಂಠಿಯ ಹಾಗಾಗಿದ್ದವು. ಆಗ ಸೊಸೆಯೇ ಎಲ್ಲರ ಕೈಹಿಡಿದು ಕೇಳಿಕೊಂಡಿದ್ದಳು, "ಅತ್ತೆ ಬುಟ್ಟಿ ತೀರಾ ಖಾಲಿ ಕಂಡ್ರೆ ಬೈತಾರೆ ಕಣ್ರೇ. ತೂಕದ ಗಂಟೆ ಹೊಡೆದಾಗ ಒಂದೊಂದು ಹಿಡಿ ಆ ಕಡೆ ಹಾಕಿಬಿಡಿ, ಪುಣ್ಯ ಬರುತ್ತೆ." ತೂಕ ಇಡೀ ಮೇಜಿನದು, ಕೂಲಿಯೂ ಸಮ, ಹಾಗಾಗಿ ಯಾರ ಗಂಟೂ ಹೋಗುತ್ತಿರಲಿಲ್ಲ. ಅಂದಿನಿಂದ ಗಂಟೆ ಹೊಡೆದರೆ ಸಾಕು, ಎಲ್ಲರ ಕೈಯೂ ತಮ್ಮ ಬುಟ್ಟಿಯಿಂದ ಒಂದು ಹಿಡಿ ತೆಗೆದು ಮೂಲೆಯಲ್ಲಿದ್ದ ಅತ್ತೆಯ ಬುಟ್ಟಿಗೆ ಎಸೆಯುತ್ತಿತ್ತು. ಅತ್ತೆಯ ಪಕ್ಕದಲ್ಲೇ ನಿಲ್ಲುತ್ತಿದ್ದ ಸೊಸೆಯಂತೂ ಗಂಟೆಗೂ ಕಾಯುತ್ತಿರಲಿಲ್ಲ. ನಾಲ್ಕು ತನ್ನ ಬುಟ್ಟಿಗೆ, ಒಂದು ಎಡಗಡೆಗೆ, ದಿನವಿಡೀ. ಮೇಜಿನ ಮಾತಿನ ಮಲ್ಲಿ, ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದವಳು, ಇದಕ್ಕೆ ಅತ್ತೆ ತೆರಿಗೆ ಎಂದು ಹೆಸರಿಟ್ಟಿದ್ದಳು.

"ಸರ್ಕಾರಕ್ಕೆ ಕಟ್ಟದಿದ್ರೂ ನಡೆಯುತ್ತೆ, ಅತ್ತೆಗೆ ಕಟ್ಟದಿದ್ರೆ ನಡೆಯಲ್ಲ!"

ಅತ್ತೆ ನಗುತ್ತಿರಲಿಲ್ಲ. "ಹಾಕೋದೇನೋ ಹಾಕ್ತೀರಿ, ನರ ತೆಗೆದು ಹಾಕ್ರೇ. ಆಮೇಲೆ ನನ್ನ ಬುಟ್ಟೀಲಿ ಕಸ ಅಂತಾರೆ" ಎನ್ನುತ್ತಿದ್ದಳು.

ನಿಯಮ ಬದಲಾದ ದಿನ ತಕ್ಕಡಿಯಣ್ಣ ಗಂಟೆಗೆ ಮುಂಚೆಯೇ ಪ್ಲಾಸ್ಟಿಕ್ ಪಟ್ಟಿ ಸರಿಸಿ ಒಳಗೆ ಬಂದ. ತೂಕ ನೋಡುವವನು ಅವನು. ಇವರ ಮಾತೇ ಆಡುವವನು, ಇವರಿಗಿಂತ ಮುಂಚೆ ಬಂದು ನೆಲೆ ನಿಂತವನು, ಹಾಗಾಗಿ ಇವರ ಕಡೆಯವನಲ್ಲದವನು.

"ಕಿವಿಗೊಟ್ಟು ಕೇಳಿ. ಹಂಗಾಮಿ ಪರವಾನಗಿ ಇನ್ನಿಲ್ಲ. ಮೇಜಿನಲ್ಲಿ ಅರ್ಧ ಜನಕ್ಕೆ ದೀರ್ಘ ಪರವಾನಗಿ, ಉಳಿದ ಅರ್ಧ ಮನೆಗೆ. ಹೋದವರು ತಿರುಗಿ ಬರೋ ಹಾಗಿಲ್ಲ. ಈ ವಾರ ಒಬ್ಬೊಬ್ಬರ ಬುಟ್ಟೀನೂ ಬೇರೆ ಬೇರೆ ತೂಗ್ತೀವಿ. ಹೆಚ್ಚು ತೂಗಿದವರು ಇರ್ತಾರೆ."

"ಇದ್ದವರಿಗೆ ಏನಣ್ಣಾ ಕಿರೀಟ?" ಎಂದಳು ರೇಡಿಯೋ.

"ಗಂಡನ್ನೋ ಹೆಂಡತೀನೋ, ಸ್ವಂತ ಮಕ್ಕಳನ್ನೋ ಕರೆಸ್ಕೋಬಹುದು. ಮಕ್ಕಳಿಗೆ ಇಲ್ಲಿನ ಶಾಲೆ, ಆಸ್ಪತ್ರೆ ಎಲ್ಲಾ ಬಿಟ್ಟಿ. ಇನ್ನೊಂದು ಮಾತು. ಇದ್ದವರು, ಆಯ್ಕೆಯಾದ ಮೇಲಿಂದ ಹಂಗಾಮು ಮುಗಿಯೋದರೊಳಗೆ ಯಾವ ದಿನ ಎಲ್ಲಕ್ಕಿಂತ ಹೆಚ್ಚು ತೂಗ್ತಾರೋ, ಅದೇ ಅವರ ಅಳತೆ. ಮುಂದಕ್ಕೆ ದಿನಾ ಅಷ್ಟು ಬರಬೇಕು. ಇಳಿದರೆ ಪರವಾನಗಿ ರದ್ದು, ಆ ಜಾಗಾನೂ ರದ್ದು."

ಕೊನೆಯ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಶಾಲೆ, ಆಸ್ಪತ್ರೆ ಎಂಬ ಮಾತಿಗೇ ಸೊಸೆಯ ಕೈ ನಿಂತುಹೋಗಿತ್ತು.

ಅವಳ ಮಗಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಸೊಸೆಯ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದ ಆ ಮಗು ಫೋನಿನ ಪರದೆಯ ಮೇಲೆ ತಾಯಿಯ ತುಟಿಗೆ ಬೆರಳಿಟ್ಟು, ಅದು ಆಡುವುದನ್ನು ಮುಟ್ಟಿ ನೋಡಲು ಹೋಗುತ್ತಿತ್ತು. ತಲೆಯೊಳಗೆ ಒಂದು ಯಂತ್ರ ಕೂರಿಸಿದರೆ ಕೇಳಿಸೀತು, ಆದರೆ ಬೇಗ ಆಗಬೇಕು, ಮಾತು ಕಲಿಯುವ ಪ್ರಾಯ ದಾಟಿದರೆ ಯಂತ್ರವಿದ್ದೂ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದರು. ಅದರ ಖರ್ಚು ಸೊಸೆಯ ಕೈಗೆ ಎಟುಕುವ ಮಾತಾಗಿರಲಿಲ್ಲ. ಈಗ ಒಂದು ವಾರದ ಸೀಗಡಿಯಷ್ಟು ದೂರದಲ್ಲಿತ್ತು.

ಆ ಸಂಜೆ ಮಲಗುವ ಕೋಣೆಯಲ್ಲಿ ಸೊಸೆ ಮೇಲಿನ ಮಂಚದಿಂದ ಇಳಿದು ಬಂದು ಎಲ್ಲರ ಮುಂದೆ ಹೇಳಿದಳು, "ಈ ವಾರ ತೆರಿಗೆ ಬೇಡ ಕಣ್ರೇ. ಅವರವರ ಬುಟ್ಟಿ ಅವರವರಿಗೆ." ಹೇಳಿ, ಕೆಳಗಿನ ಮಂಚದಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಅತ್ತೆಯ ಮುಖ ನೋಡಿದಳು. "ನಿಮಗೂ ಈ ಐಸು ಸಾಕಾಗಿದೆ ಅಂತೀರಲ್ಲ ಅತ್ತೆ?"

"ಸಾಕಾಗಿದೆ ತಾಯಿ, ಸಾಕೋ ಸಾಕಾಗಿದೆ. ನನಗ್ಯಾಕೆ ಈ ಸೆರೆಮನೆ? ನೀನಿರು, ನಾನು ಹೋಗ್ತೀನಿ" ಎಂದಳು ಅತ್ತೆ. ದಿನವೂ ಆಡುವ ಮಾತೇ ಅದು. ಸೊಸೆ ನಂಬಿದಳು.

ಮರುದಿನ ಗಂಟೆ ಹೊಡೆಯಿತು. ಎಲ್ಲರ ಕೈಯೂ ಒಂದೊಂದು ಹಿಡಿ ಎತ್ತಿ ಮೂಲೆಗೆ ಹೊರಟಿತು! ಗಾಳಿಯಲ್ಲೇ ಕೈ ತಡೆದು ಎಲ್ಲರೂ ಬಿದ್ದುಬಿದ್ದು ನಕ್ಕರು. "ನಮಗೆ ಹೇಳಿದ್ರೆ ಏನು ಬಂತು, ಕೈಗೆ ಹೇಳಮ್ಮ!" ಎಂದಳು ರೇಡಿಯೋ. ಆ ದಿನ ತಡೆದರು. ಅದರ ಮಾರನೆಯ ದಿನದಿಂದ ಲಾರಿಗಟ್ಟಲೆ ಸೀಗಡಿ ಬಂದು ಸುರಿಯಿತು. ಬೆರಳು ಜೋಮು ಹಿಡಿದು ಇದೆಯೋ ಇಲ್ಲವೋ ತಿಳಿಯದಂತಾಯಿತು. ಸೊಸೆ ಎಂದಿಗಿಂತ ವೇಗವಾಗಿ ಬಿಡಿಸಿದಳು. ಬಿಡಿಸುತ್ತ ಬಿಡಿಸುತ್ತ ಮಗಳ ಮಾತೇ ಆಡಿದಳು. ಯಂತ್ರ ಕೂರಿಸಿದ ಮೇಲೆ ಮೊದಲು ಏನು ಕೇಳಿಸಬೇಕು, ಹೆಸರು ಹಿಡಿದು ಕರೆಯಲೇ, ಹಾಡಲೇ? ರೇಡಿಯೋ, "ನನ್ನನ್ನ ಮಾತ್ರ ಹತ್ತಿರ ಬಿಡಬೇಡ, ಮಗು ಯಂತ್ರ ಕಿತ್ತು ಎಸೆಯುತ್ತೆ" ಎಂದಳು. ನಗುವ ಬಾಯಿಯ ಕೆಳಗೆ ಕೈಗಳು ತಮಗೆ ತಿಳಿದಿದ್ದನ್ನು ಮಾಡುತ್ತಿದ್ದವು. ಗಂಟೆಗೆ ಒಂದು ಹಿಡಿ. ಸೊಸೆಯದು ನಾಲ್ಕು ಬಲಕ್ಕೆ, ಒಂದು ಎಡಕ್ಕೆ.

ಬುಟ್ಟಿಗಳು ಬಾಗಿಲಾಚೆ ತೂಕಕ್ಕೆ ಹೋಗುತ್ತಿದ್ದವು, ಲೆಕ್ಕ ಇವರಿಗೆ ಕಾಣುತ್ತಿರಲಿಲ್ಲ. ಅತ್ತೆಗೆ ಮಾತ್ರ ತನ್ನ ಬುಟ್ಟಿಯೊಳಕ್ಕೆ ಬೀಳುವುದೆಲ್ಲ ಕಾಣುತ್ತಿತ್ತು. ಅವಳು ಬೇಡ ಎನ್ನಲಿಲ್ಲ. ಒಂದು ದಿನ ಬುಟ್ಟಿಯನ್ನು ಸೊಸೆಯ ಎಡಗೈಗೆ ಇನ್ನೊಂದು ಗೇಣು ಹತ್ತಿರಕ್ಕೆ ಮೊಣಕೈಯಿಂದ ಸರಿಸಿಕೊಂಡಳು. ರೇಡಿಯೋ ಅದನ್ನು ಕಂಡಳು. ಸೊಂಟ ನೋವಿಗೆ ಸರಿಸಿಕೊಂಡಿರಬೇಕು ಎಂದುಕೊಂಡಳು. ಅಥವಾ ಹಾಗೆ ಅಂದುಕೊಳ್ಳುವುದೇ ಕ್ಷೇಮ ಎಂದುಕೊಂಡಳು.

ವಾರ ಮುಗಿದಾಗ ತಕ್ಕಡಿಯಣ್ಣ ಇರುವವರನ್ನು ಒಬ್ಬೊಬ್ಬರಾಗಿ ಕರೆದ. ಕೊನೆಯದಾಗಿ ಅತ್ತೆಯನ್ನು ಕರೆದು ಪಟ್ಟಿ ಮುಗಿಸಿದ. ಸೊಸೆ ಇನ್ನೂ ಕಾಯುತ್ತಲೇ ಇದ್ದಳು.

"ನಿನ್ನದು ಒಂದು ಬೊಗಸೆಯಲ್ಲಿ ಹೋಯ್ತಮ್ಮ" ಎಂದ. "ನೀನೇ ಮೊದಲು ಬರ್ತೀಯ ಅಂದ್ಕೊಂಡಿದ್ದೆ. ಯಾಕೋ ಕೈ ಬಿದ್ದುಹೋಯ್ತು."

ಸೊಸೆ ಅತ್ತೆಯ ಬೆರಳುಗಳನ್ನು ನೋಡಿದಳು. ಆಮೇಲೆ ತನ್ನ ಎಡಗೈಯನ್ನು, ಅದು ಬೇರೆ ಯಾರದೋ ಎಂಬಂತೆ ನೋಡಿದಳು.

"ಅಣ್ಣಾ, ಅದು ಅವರ ತೂಕ ಅಲ್ಲ…"

"ನೋಡು," ತಕ್ಕಡಿಯಣ್ಣ ದನಿ ತಗ್ಗಿಸಿದ. "ಒಬ್ಬರದು ಒಬ್ಬರ ಬುಟ್ಟಿಗೆ ಹಾಕಿದ್ದಾರೆ ಅಂತ ಗೊತ್ತಾದ್ರೆ ಮೋಸ ಅಂತ ಬರೀತಾರೆ. ಇಡೀ ಮೇಜೇ ಮನೆಗೆ. ಯೋಚನೆ ಮಾಡಿ ಬಾಯಿಬಿಡು. ಹಾಕಿದ್ರೇನ್ರಮ್ಮ ಯಾರಾದ್ರೂ?"

ಸೊಸೆ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದಳು. ಒಬ್ಬಳು ಟೋಪಿ ಸರಿಮಾಡಿಕೊಂಡಳು, ಒಬ್ಬಳು ಕೈಗವಸಿನ ತೂತು ಹುಡುಕಿದಳು. ರೇಡಿಯೋ ಕೂಡ ಬಂದ್ ಆಯಿತು.

"ಇಲ್ಲ" ಎಂದಳು ಸೊಸೆಯೇ ಕೊನೆಗೆ.

"ಸರಿ. ಪಟ್ಟಿಯಲ್ಲಿ ಇರೋರು ಯಾರಾದ್ರೂ ನಾಳೆಯೊಳಗೆ ತಾವಾಗೇ ಬೇಡ ಅಂದ್ರೆ ಆ ಜಾಗ ನಿನಗೆ" ಎಂದು ಹೇಳಿ ಹೋದ.

ಕೋಣೆಯಲ್ಲಿ ಸೊಸೆ ಕೆಳಗಿನ ಮಂಚದ ಪಕ್ಕ ನೆಲಕ್ಕೆ ಕೂತಳು. ಅತ್ತೆ ದಿಂಬಿನ ಕೆಳಗಿನಿಂದ ಎಣ್ಣೆ ಸೀಸೆ ತೆಗೆದು ಕೊಟ್ಟಳು. ಸೊಸೆ ಆ ಬೆರಳುಗಳನ್ನು ತಿಕ್ಕಿದಳು. ಅದೂ ದಿನದ ರೂಢಿಯೇ.

"ಅತ್ತೆ, ನಾಳೆ ಬೆಳಿಗ್ಗೆ ಬೇಡ ಅಂತ ಒಂದು ಮಾತು ಹೇಳಿಬಿಡಿ."

"ಯಾಕೆ?"

"ಯಾಕೆ ಅಂತೀರಾ? ಮಗು…"

"ನಾನು ಇಲ್ಲೇ ಉಳಿದ ಮೇಲೆ ನನ್ನ ಮಗನೂ ಬರ್ತೀನಿ ಅಂತಿದಾನೆ. ಫೋನು ಮಾಡಿದ್ದೆ. ಅಲ್ಲಿ ಅವನಿಗೆ ಏನಿದೆ, ಕಟ್ಟೆ ಮೇಲೆ ಕೂತು ನೊಣ ಹೊಡೀತಾನೆ."

"ಅವರು ಬಂದು ಏನು ಮಾಡ್ತಾರೆ? ನೀವು ಮೊಮ್ಮಗಳನ್ನ ಕರೆಸೋ ಹಾಗಿಲ್ಲ. ಸ್ವಂತ ಮಕ್ಕಳು ಮಾತ್ರ."

"ಅದಕ್ಕೇ ಸ್ವಂತ ಮಗನ್ನ ಕರೆಸ್ತಿದೀನಿ." ಅತ್ತೆ ಇನ್ನೊಂದು ಕೈ ಚಾಚಿದಳು. "ಹುಟ್ಟು ಕಿವುಡಿಗೆ ದೇಶ ಬದಲಾದ್ರೆ ಕಿವಿ ಬರುತ್ತೇನೇ? ನೀನು ಹೋಗಿ ನೋಡ್ಕೋ. ಮಗು ಒಂದು ಕಡೆ ನಾನೊಂದು ಕಡೆ ಅಂತ ದಿನಾ ಅಳ್ತಿದ್ಯಲ್ಲ, ದೇವರು ನಡೆಸಿಕೊಟ್ಟ ಅನ್ಕೋ."

"ಬಿದ್ದದ್ದೆಲ್ಲ ನಿಮಗೆ ಕಾಣ್ತಿತ್ತು. ಒಂದು ಸಲ ನನ್ನ ಕೈ ಹಿಡಿದು ತಡೀಬಹುದಿತ್ತಲ್ಲ?"

"ನಾನು ಕೇಳಿದೆನೇ? ಹಾಕಿದ್ದು ನೀನು. ಹೆಬ್ಬೆರಳಿಗೆ ಸ್ವಲ್ಪ ಹೆಚ್ಚು ತಿಕ್ಕು."

ಗಂಡ ಫೋನಿನಲ್ಲಿ, "ಅಮ್ಮ ಹೇಳಿದ ಹಾಗೆ ಮಾಡು, ಮನೇಲಿ ರಂಪ ಬೇಡ" ಎಂದ. ಆಮೇಲೆ, "ಅಲ್ಲಿ ಚಳಿಗೆ ಎಂಥ ಕೋಟು ಬೇಕು?" ಎಂದು ಕೇಳಿದ.

ಮರುದಿನ ಅತ್ತೆ ಬೇಡ ಎನ್ನಲಿಲ್ಲ. ಜಾಗ ಬಿಟ್ಟುಕೊಡುವ ಗಡುವು ಕಳೆದುಹೋಯಿತು. ಹೋಗುವವರು ಹಂಗಾಮಿನ ಕೊನೆಯ ದಿನದವರೆಗೂ ದುಡಿಯಲೇಬೇಕಿತ್ತು. ಸೊಸೆ ದುಡಿದಳು. ಯಾರೊಡನೆಯೂ ಮಾತಿಲ್ಲ, ಮೂಲೆಗೆ ಹಿಡಿಯೂ ಇಲ್ಲ. ಈಗ ಅವಳ ಕಣ್ಣು ಕೈಯ ಮೇಲಿಂದ ಕದಲುತ್ತಿರಲಿಲ್ಲ. ಉಳಿದವರೂ ಹೆದರಿ ಹಾಕುವುದನ್ನು ಬಿಟ್ಟರು. ಅತ್ತೆಯ ಬುಟ್ಟಿ ತಳ ಕಾಣತೊಡಗಿತು. ಅತ್ತೆಗೂ ದಿಗಿಲಾಗಿ ಸೊಸೆಯನ್ನು ಮಗಳೇ ಎಂದು ಕರೆಯಲು ಶುರುಮಾಡಿದಳು.

ಕೊನೆಯ ದಿನ ಸೊಸೆ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಕೆಲಸ ಶುರುವಾಯಿತು. ಮೊದಲ ಸೀಗಡಿ ಎಡಕ್ಕೆ ಬಿತ್ತು. ಎರಡನೆಯದೂ ಎಡಕ್ಕೆ. ಮೂರನೆಯದೂ.

ರೇಡಿಯೋ ಮೆಲ್ಲಗೆ, "ಏ, ನಿನ್ನ ಬುಟ್ಟಿ ಈ ಕಡೆ ಇದೆ" ಎಂದಳು.

"ಗೊತ್ತು" ಎಂದಳು ಸೊಸೆ.

ಆ ದಿನದಂತೆ ಯಾರೂ ಯಾವತ್ತೂ ಸೀಗಡಿ ಬಿಡಿಸಿದ್ದನ್ನು ಆ ಮೇಜು ಕಂಡಿರಲಿಲ್ಲ. ಅವಳು ನೀರಿಗೂ ಹೋಗಲಿಲ್ಲ, ಬೆನ್ನೂ ನೆಟ್ಟಗೆ ಮಾಡಲಿಲ್ಲ. ಮೂಲೆಯ ಬುಟ್ಟಿ ತುಂಬಿತು, ಗೋಪುರವಾಯಿತು, ಇನ್ನೊಂದು ಬುಟ್ಟಿ ತರಿಸಬೇಕಾಯಿತು. ಅತ್ತೆಯ ಮುಖ ಅರಳಿತು. "ಈಗಾದ್ರೂ ಬುದ್ಧಿ ಬಂತಲ್ಲ. ಹೋಗೋವಾಗ ಹಿರಿಯರ ಮನಸ್ಸು ತಣ್ಣಗೆ ಮಾಡಿ ಹೋಗಬೇಕು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತನ್ನ ಕೈಗಳನ್ನು ಬಗಲಲ್ಲಿ ಬೆಚ್ಚಗಿಟ್ಟುಕೊಂಡು ನಿಂತಳು.

ನಿಯಮ ಬದಲಾದ ದಿನ ತಕ್ಕಡಿಯಣ್ಣ ಕೊನೆಯಲ್ಲಿ ಹೇಳಿದ್ದ ಅಳತೆಯ ಮಾತು ರೇಡಿಯೋಗೆ ನೆನಪಾದದ್ದು ಆಗ. ಅವಳ ಕೈ ನೀರಲ್ಲೇ ನಿಂತಿತು. ಅವಳು ಎದುರಿನವಳನ್ನು ನೋಡಿದಳು, ಎದುರಿನವಳು ಪಕ್ಕದವಳನ್ನು. ಮೇಜಿನ ಸುತ್ತ ಒಬ್ಬೊಬ್ಬರಿಗೂ ಅರ್ಥವಾಗುತ್ತ ಹೋಯಿತು. ಅತ್ತೆಗೆ ಹೇಳಲು ಸಾಕಷ್ಟು ಸಮಯವಿತ್ತು. ಸೊಸೆಗಾಗಿ ಬಾಯಿಬಿಡದ ಆ ಹೆಂಗಸರು ಅತ್ತೆಗಾಗಿಯೂ ಬಾಯಿಬಿಡಲಿಲ್ಲ.

ಗಂಟೆ ಹೊಡೆಯಿತು. ಬುಟ್ಟಿಗಳನ್ನು ಎತ್ತಲು ಇಬ್ಬರು ಬೇಕಾದರು. ತಕ್ಕಡಿಯಣ್ಣ ಹೊರಗೆ ತೂಗಿ, ನಂಬದೆ ಮತ್ತೊಮ್ಮೆ ತೂಗಿ, ಒಳಗೆ ಬಂದ.

"ಭೇಷ್ ಅತ್ತೆ! ಈ ಶೆಡ್ಡಲ್ಲೇ ಯಾರೂ ಇಷ್ಟು ತೂಗಿಲ್ಲ."

"ವಯಸ್ಸಾದ್ರೇನಪ್ಪ, ಕೈ ಇದೆಯಲ್ಲ" ಎಂದಳು ಅತ್ತೆ.

"ಬರೆದುಕೊಂಡೆ. ಇನ್ನು ಮುಂದೆ ದಿನಾ ನಿಮ್ಮ ಅಳತೆ ಇದೇ. ಕಡಿಮೆ ಆಗದ ಹಾಗೆ ನೋಡ್ಕೊಳ್ಳಿ."

"ದಿನಾ?"

"ದಿನಾ."

ಅತ್ತೆಯ ಕೈಗಳು ಬಗಲಿನಿಂದ ಕೆಳಗೆ ಬಿದ್ದವು. ಅವಳು ಬೆಪ್ಪಾಗಿ ಮೇಜಿನ ಈ ತುದಿಯಿಂದ ಆ ತುದಿಗೆ ನೋಡಿದಳು. "ನೀವೆಲ್ಲ ಇದ್ದೀರಲ್ಲ… ಒಂದೊಂದು ಹಿಡಿ… ಅಲ್ವೇನೇ ರೇಡಿಯೋ?"

"ತೆರಿಗೆ ತೆಗೆದು ಹಾಕಿದಾರೆ ಅತ್ತೆ" ಎಂದಳು ರೇಡಿಯೋ, ತಲೆಯೆತ್ತದೆ.

ಅತ್ತೆ ಸೊಸೆಯ ತೋಳು ಹಿಡಿದುಕೊಂಡಳು. "ಏನು ಮಾಡಿಬಿಟ್ಟೆಯೇ! ನಾನು ಹೋದ್ರೆ ಈ ಜಾಗ ನಿನಗೆ ಬರುತ್ತಾ? ನಿನ್ನ ಮಗುಗೆ ಬರುತ್ತಾ?"

"ಇಲ್ಲ" ಎಂದಳು ಸೊಸೆ. "ಯಾರಿಗೂ ಬರಲ್ಲ."

ತೋಳು ಬಿಡಿಸಿಕೊಂಡು ಅವಳು ಕೈಗವಸು ಕಳಚಿದಳು. ಎಡಗೈಯದನ್ನು ಮೊದಲು. ಎರಡನ್ನೂ ಅತ್ತೆಯ ಮುಂದೆ ಮೇಜಿನ ಮೇಲಿಟ್ಟು, ಪ್ಲಾಸ್ಟಿಕ್ ಪಟ್ಟಿ ಸರಿಸಿ ಹೊರಗೆ ಹೋದಳು.

ಹೊರಗಿನ ಓಣಿಯಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದಳು. ಪರದೆಯ ಮೇಲೆ ಮಗಳು ಬಂದಳು. ನಾಳೆ ಬರುತ್ತೇನೆ ಎಂದು ಹೇಳಬೇಕಿತ್ತು. ಹೇಳಿದಳು. ಮಗು ಎಂದಿನಂತೆ ಬೆರಳು ಚಾಚಿ, ಆಡುತ್ತಿರುವ ತುಟಿಯನ್ನು ಮುಟ್ಟಿತು.